ಬಾಬಾ ಬುಡನರ ಏಳು ಬೀಜ

ಕಡೂರಿನಿಂದ ತರೀಕೆರೆಯತ್ತ ಸಾಗುವವರಿಗೆ ಪಶ್ಚಿಮದಲ್ಲಿ ಬಾಗಿದ ಬೆಟ್ಟಸಾಲೊಂದು ಕಾಣುತ್ತದೆ. ಹಿರಿಯರು ಅದನ್ನು ಚಂದ್ರದ್ರೋಣವೆಂದು ಕರೆದರು. ಜನರ ಬಾಯಲ್ಲಿ ಅದು ಬಾಬಾಬುಡನ್‌ಗಿರಿ. ಪರ್ವತವೊಂದಕ್ಕೆ ತಮ್ಮ ಹೆಸರನ್ನಿತ್ತ ಈ ಸೂಫಿ ಸಂತರ ಜೀವನ ನಮಗೆ ದೊರೆತಿರುವುದು ಐತಿಹ್ಯದ ಮೂಲಕ.

ಆ ಐತಿಹ್ಯದಂತೆ ಅವರು ದಾದಾ ಹಯಾತ್ ಕಲಂದರರ ಪರಂಪರೆಗೆ ಸೇರಿದವರು. ಹದಿನೇಳನೆಯ ಶತಮಾನದಲ್ಲಿ ಮೆಕ್ಕಾ ಯಾತ್ರೆ ಮಾಡಿ ಮರಳುವಾಗ ಯೆಮನ್ನಿನ ಮೋಕಾ ಬಂದರನ್ನು ಹಾದುಬಂದರು. ಮೊಳೆಯಬಲ್ಲ ಕಾಫಿ ಬೀಜವನ್ನು ಹೊರನಾಡಿಗೆ ಒಯ್ಯಲು ಅರಬರು ಬಿಡುತ್ತಿರಲಿಲ್ಲವಂತೆ. ಬಾಬಾ ಏಳು ಬೀಜಗಳನ್ನು ಮೈಮೇಲೆ ಅಡಗಿಸಿ ತಂದು ಗಿರಿಯ ಗುಹೆಯ ಬಳಿ ಬಿತ್ತಿದರು. ಹಿಂದೂಗಳೂ ಮುಸಲ್ಮಾನರೂ ಇಂದಿಗೂ ಭಕ್ತಿಯಿಂದ ಏರಿಹೋಗುವ ಗುಹೆ ಅದೇ.

ಮುಂದಿನದು ಚರಿತ್ರೆ. ೧೬೯೬ರಲ್ಲಿಯೂ ೧೬೯೯ರಲ್ಲಿಯೂ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿಯನ್ನು ಜಾವಾಕ್ಕೆ ಕೊಂಡೊಯ್ದರು. ಅಲ್ಲಿಂದ ೧೭೦೬ರಲ್ಲಿ ಗಿಡವೊಂದು ಆಮ್ಸ್ಟರ್‌ಡಾಮಿಗೆ, ೧೭೧೪ರಲ್ಲಿ ಅದರ ಸಂತಾನ ಪ್ಯಾರಿಸ್ಸಿಗೆ, ಅನಂತರ ಅಮೆರಿಕ ಖಂಡಕ್ಕೆ ಮುಟ್ಟಿತು. ಟಿಪಿಕಾ, ಬೂರ್ಬನ್ ಎಂಬ ಎರಡು ಪ್ರಧಾನ ಬಗೆಗಳ ಬೀಜವೂ ಯೆಮನ್ನಿನಿಂದ ಭಾರತಕ್ಕೆ ಬಂದಿದ್ದುವೆಂದು ಇತ್ತೀಚಿನ ಆನುವಂಶಿಕ ಪರೀಕ್ಷೆಗಳು ಸೂಚಿಸಿವೆ.

ಇತ್ತ ಗಿರಿಯ ಮಡಿಲಲ್ಲಿ ಬೆಳೆದ ಹಳೆಯ ತಳಿಗೆ ತೋಟಗಾರರು ಚಿಕ್ಕಮಗಳೂರಿನ ಹೆಸರನ್ನು ಮೊಟಕುಗೊಳಿಸಿ ಚಿಕ್ ಎಂದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕವೂ ಎಲೆತುಕ್ಕೂ ಅದನ್ನು ಹಾಳುಗೆಡವಿದುವು. ಕೊಡಗಿನ ತಳಿ ಅದರ ಸ್ಥಾನಕ್ಕೆ ಬಂತು; ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕೆಂಟ್ ಎಂಬ ತೋಟಗಾರನು ಮೈಸೂರು ಸೀಮೆಯಲ್ಲಿ ಆರಿಸಿದ ತಳಿ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಸ್ಥಾಪನೆಗೊಂಡಿತು. ಈ ಕೆಂಟ್ ತಳಿಯನ್ನು ಇನ್ನೊಂದರೊಡನೆ ಕೂಡಿಸಿ ಪಡೆದ ಎಸ್. ೭೯೫ ಎಂಬ ತಳಿ ನಮ್ಮ ತೋಟಗಳಲ್ಲಿ ಇಂದಿಗೂ ಫಲಿಸುತ್ತಿದೆ.

ಏಳು ಬೀಜದ ಕಥೆ ನಿಜವೇ ಎಂದು ತರಗತಿಯಲ್ಲಿ ಕೇಳುವವರುಂಟು. ಏಳೆಂಬುದು ಕಥೆಗಳಿಗೆ ಒಲಿದ ಸಂಖ್ಯೆ. ಅದರ ಲೆಕ್ಕಕ್ಕಾಗಿ ನಾನು ವಾದಿಸಲಾರೆ. ನನ್ನ ಗಮನವನ್ನು ಸೆಳೆಯುವುದು ಬೇರೊಂದು ಸಂಗತಿ. ನಮ್ಮ ಪುರಾತನರ ಚರಿತೆಗಳಲ್ಲಿ ಪವಾಡಗಳು ಹೇರಳ. ಈ ಸಂತರ ವಿಷಯದಲ್ಲಾದರೋ ನಾಡೆಲ್ಲ ನೆನೆಯುವುದು ಬೀಜ ಬಿತ್ತಿದ ಕೆಲಸವನ್ನು. ಅವರು ತಂದುದನ್ನು ಮುಚ್ಚಿಟ್ಟುಕೊಂಡಿದ್ದರೆ, ತವರಿನಲ್ಲಿ ಚಿಕ್ ತಳಿ ಅಳಿದಾಗ ಆ ವಂಶವೇ ಮುಗಿಯುತ್ತಿತ್ತು. ಬೀಜ ಕೈಯಿಂದ ಕೈಗೆ ದಾಟಿ ಹೋದುದರಿಂದಲೇ ಅದು ಉಳಿಯಿತೆಂದು ನಾನು ಭಾವಿಸುತ್ತೇನೆ.