ವಿಲಿಯಂ ವಿಲ್ಸನ್ ಎಂಬವನ ಚರಿತ್ರೆ: ಚಿಕಿತ್ಸೆಗೆ ಹೊರಡುವವರಿಗೂ ಕಳುಹಿಸುವವರಿಗೂ

2007ನೇ ಇಸವಿ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧಿಸಲ್ಪಟ್ಟಿತು. ಆದರೂ ಕುಡಿತವು ನಿಲ್ಲಲಿಲ್ಲ. ಸಾರಾಯಿ ಹೋದ ಕಡೆ ಸೀಸೆಯ ಮದ್ಯವು ಬಂದು ಕೂತಿತು. ಹೊಸಕೋಟೆ ತಾಲ್ಲೂಕಿನ ನಮ್ಮ ಜಡಿಗೇನಹಳ್ಳಿ ಹೋಬಳಿಯಲ್ಲಿಯೂ ಕುಡಿತದ ದೆಸೆಯಿಂದ ಕಣ್ಣೀರು ಸುರಿಸುವ ಮನೆಗಳುಂಟು. ಇಂಥಾ ಮನೆಯವರು ಕುಡಿಯುವವನನ್ನು ಚಿಕಿತ್ಸಾ ಕೇಂದ್ರದಲ್ಲಿ ಕೆಲವು ವಾರ ಇರಿಸಬೇಕೆಂದು ನಿಶ್ಚಯಿಸುತ್ತಾರೆ. ಆದರೆ ಹೇಗೆ ಸಿದ್ಧಮಾಡಿಕೊಳ್ಳಬೇಕೆಂಬದನ್ನು ಅರಿಯರು. ಗೋಪುರ ಕಟ್ಟುವವನು ಮೊದಲು ಕೂತುಕೊಂಡು ಖರ್ಚಿನ ಲೆಕ್ಕ ಮಾಡಬೇಕೆಂಬ ಸಾಮ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಈ ಕಾರ್ಯಕ್ಕೂ ಹಾಗೆಯೇ ಲೆಕ್ಕವುಂಟು. ಅದನ್ನು ತಿಳಿಯುವದಕ್ಕಾಗಿ, ಒಂದೇ ಆಸ್ಪತ್ರೆಯ ಬಾಗಿಲನ್ನು ನಾಲ್ಕು ಸಾರಿ ಹೊಕ್ಕವನೊಬ್ಬನ ಚರಿತ್ರೆಯನ್ನು ಹೇಳುತ್ತೇವೆ.

ವಿಲಿಯಂ ವಿಲ್ಸನ್ ಎಂಬವನು 1895ನೇ ಇಸವಿ ನವೆಂಬರ್ 26ರಲ್ಲಿ ಅಮೇರಿಕಾ ದೇಶದ ವರ್ಮಾಂಟ್ ಸೀಮೆಯ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಲ್ಲಿ ಹುಟ್ಟಿದನು. ಅವನು ಇನ್ನೂ ಹುಡುಗನಾಗಿರುವಾಗಲೇ ತಂದೆತಾಯಿಗಳು ಅಗಲಿದರು. ತಂದೆಯು ದೂರದೇಶಕ್ಕೆ ಹೋದನು. ತಾಯಿಯು ವೈದ್ಯವಿದ್ಯೆಯನ್ನು ಕಲಿಯುವದಕ್ಕಾಗಿ ಪಟ್ಟಣಕ್ಕೆ ಹೋದಳು. ಹೀಗಿರಲಾಗಿ ತಾಯಿಯ ತಂದೆತಾಯಿಗಳೇ ಅವನನ್ನೂ ಅವನ ತಂಗಿಯನ್ನೂ ಸಾಕಿದರು. ಹುಡುಗನು ಬುದ್ಧಿವಂತನು, ಹಟವಾದಿಯು, ಯಾವದರಲ್ಲಿಯೂ ಮೊದಲಿಗನಾಗಬೇಕೆಂಬ ಆಶೆಯುಳ್ಳವನು. ಆದರೆ ಅವನ ಮನಸ್ಸಿನಲ್ಲಿ ತಾನು ಕೈಬಿಡಲ್ಪಟ್ಟವನೆಂಬ ದುಃಖವು ಉಳಿದಿತ್ತು.

1917ರಲ್ಲಿ ಯುದ್ಧಕ್ಕಾಗಿ ಸೈನ್ಯಕ್ಕೆ ಸೇರಿದಾಗ ಅವನು ಮೊದಲಾಗಿ ಮದ್ಯವನ್ನು ಮುಟ್ಟಿದನು. ನಾಲ್ಕು ಜನರಲ್ಲಿ ಮಾತಾಡುವದಕ್ಕೆ ಸಂಕೋಚಪಡುತ್ತಿದ್ದ ಯೌವನಸ್ಥನಿಗೆ ಅದು ಧೈರ್ಯವನ್ನು ಕೊಟ್ಟಂತೆ ತೋರಿತು. 1918ನೇ ಇಸವಿ ಜನವರಿ 24ರಲ್ಲಿ ಅವನು ಲೋಯಿಸ್ ಎಂಬ ವೈದ್ಯಪುತ್ರಿಯನ್ನು ಮದುವೆಯಾದನು. ಯುದ್ಧ ತೀರಿದ ಮೇಲೆ ನ್ಯಾಯಶಾಸ್ತ್ರವನ್ನು ಓದಿದನು, ಆದರೆ ಕುಡಿತದ ದೆಸೆಯಿಂದ ಪದವಿಯು ಕೈಗೆ ಬರಲಿಲ್ಲ. ನ್ಯೂಯಾರ್ಕ್ ಪಟ್ಟಣದ ಷೇರುಪೇಟೆಯಲ್ಲಿ ಬಹಳ ಹಣ ಗಳಿಸಿದನು. 1929ರಲ್ಲಿ ಆ ಪೇಟೆಯು ಕುಸಿದಾಗ ಸಮಸ್ತವೂ ಹೋಯಿತು, ಕುಡಿತವೊಂದೇ ಉಳಿಯಿತು. ಗಂಡಹೆಂಡರು ಬ್ರೂಕ್‌ಲಿನ್‌ನಲ್ಲಿದ್ದ ಮಾವನ ಮನೆಯನ್ನು ಆಶ್ರಯಿಸಿದರು. ಲೋಯಿಸಳು ಅಂಗಡಿಯಲ್ಲಿ ಕೆಲಸಮಾಡಿ ತಂದ ಸಂಬಳದಿಂದ ಸಂಸಾರವು ನಡೆಯಿತು.

1933 ಮತ್ತು 1934ನೇ ಇಸವಿಗಳಲ್ಲಿ ವಿಲ್ಸನನು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯನ್ನು ನಾಲ್ಕು ಸಾರಿ ಸೇರಿದನು. ಕುಡಿತದವರಿಗೆ ಚಿಕಿತ್ಸೆ ಕೊಡುತ್ತಿದ್ದ ಆ ಆಸ್ಪತ್ರೆಯ ಖರ್ಚನ್ನು ತಂಗಿಯ ಗಂಡನಾದ ವೈದ್ಯನು ಕೊಟ್ಟನು. ಅಲ್ಲಿ ಸಿಲ್ಕ್‌ವರ್ತ್ ಎಂಬ ಡಾಕ್ಟರರು ದಯೆಯಿಂದ ಅವನಿಗೆ ಒಂದು ಸಂಗತಿಯನ್ನು ಬೋಧಿಸಿದರು. ಕುಡಿತವು ಬರೀ ದುರ್ನಡತೆಯಲ್ಲ, ದೇಹವನ್ನೂ ಮನಸ್ಸನ್ನೂ ಹಿಡಿದ ರೋಗವೆಂಬದೇ ಅದು. ಜನರು ಕುಡುಕನನ್ನು ನಿಂದಿಸುವದನ್ನೇ ಬಲ್ಲ ಆ ಕಾಲದಲ್ಲಿ ಇದು ಅಪರೂಪದ ಮಾತಾಗಿತ್ತು. 1956ರಲ್ಲಿ ಅಮೇರಿಕಾ ದೇಶದ ವೈದ್ಯ ಸಂಘವೂ ಕುಡಿತವನ್ನು ರೋಗವೆಂದು ಒಪ್ಪಿತು. ವಿಲ್ಸನನು ಇದನ್ನು ಕೇಳಿ ಸಂತೋಷಪಟ್ಟನು, ರೋಗದ ತಿಳುವಳಿಕೆಯೇ ತನಗೆ ಸಾಕೆಂದು ನೆನಸಿ ಮನೆಗೆ ಹೋದನು, ಪುನಃ ಕುಡಿದನು. ಹೀಗೇ ಬಿಟ್ಟರೆ ಅವನಿಗೆ ಮರಣವಾಗಲಿ ಬುದ್ಧಿಭ್ರಮಣೆಯಾಗಲಿ ತಪ್ಪದೆಂದು ಡಾಕ್ಟರರು ಲೋಯಿಸಳಿಗೆ ತಿಳಿಸಬೇಕಾಯಿತು.

ಇದರಿಂದ ನಾವು ಕಲಿಯುವದೇನಂದರೆ, ಆಸ್ಪತ್ರೆಯು ದೇಹದಿಂದ ವಿಷವನ್ನು ಕೆಲವು ದಿನಗಳಲ್ಲಿ ಇಳಿಸಬಹುದು; ಆದರೆ ಹೊರಗೆ ಬಂದ ಮೇಲೆ ಯಾರೊಂದಿಗೆ ಹೇಗೆ ಬಾಳಬೇಕೆಂಬದು ಮೊದಲೇ ಸಿದ್ಧವಾಗಿಲ್ಲದಿದ್ದರೆ, ಗುಡಿಸಿದ ಮನೆಯು ಬರಿದಾಗಿಯೇ ಇರುವದು.

1934ರ ನವೆಂಬರಿನಲ್ಲಿ ಎಬ್ಬಿ ಥ್ಯಾಚರ್ ಎಂಬ ಹಳೇ ಗೆಳೆಯನು ವಿಲ್ಸನನ ಮನೆಗೆ ಬಂದನು. ಇವನು ಪೂರ್ವದಲ್ಲಿ ವಿಲ್ಸನನಂತೆಯೇ ಕುಡಿಯುವವನು. ಈ ಸಾರಿ ಅವನು ಮದ್ಯವನ್ನು ಮುಟ್ಟಲಿಲ್ಲ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದವರ ಸಹಾಯದಿಂದ ತಾನು ಬಿಟ್ಟೆನೆಂದು ಅಡಿಗೆಮನೆಯಲ್ಲಿ ಕೂತು ಸಮಾಧಾನದಿಂದ ತಿಳಿಸಿದನು, ಗದರಿಸಲಿಲ್ಲ. ದೇವರ ವಿಷಯವಾದ ಮಾತೆಂದರೆ ವಿಲ್ಸನನಿಗೆ ಹಿಡಿಸುತ್ತಿದ್ದಿಲ್ಲ. ಆದರೂ ತನ್ನಂಥಾ ಕುಡುಕನೇ ಬಿಟ್ಟಿದ್ದನ್ನು ಕಣ್ಣಾರೆ ಕಂಡನಾದ್ದರಿಂದ ಆ ಭೇಟಿಯು ಅವನ ಮನಸ್ಸನ್ನು ಬಿಡಲಿಲ್ಲ. ಕೆಲವು ದಿನಗಳಾದ ಮೇಲೆ ಎಬ್ಬಿಯು ಇಳುಕೊಂಡಿದ್ದ ಕಾಲ್ವರಿ ಮಿಶನ್ ಮನೆಗೆ ಕುಡಿದವನಾಗಿಯೇ ಹೋಗಿ ಕೂಟದಲ್ಲಿ ಸೇರಿದನು.

ಡಿಸೆಂಬರ್ 11ರಲ್ಲಿ ಅವನು ನಾಲ್ಕನೆಯ ಸಾರಿ ಟೌನ್ಸ್ ಆಸ್ಪತ್ರೆಗೆ ಹೋದನು. ಆ ದಿನವೂ ದಾರಿಯಲ್ಲಿ ಬಿಯರ್ ಕೊಂಡು ಕುಡಿದೇ ಹೋದನು. ನಿರ್ಮಲನಾದ ಮೇಲೆ ಹೋಗುವೆನೆಂದು ಕಾದಿದ್ದರೆ ಅವನು ಹೋಗುತ್ತಲೇ ಇರಲಿಲ್ಲ. ಕೆಲವು ದಿನಗಳಲ್ಲಿ, ಬಹು ನಿರಾಶೆಯ ಹೊತ್ತಿನಲ್ಲಿ, ಅವನು ದೇವರಿಗೆ ಮೊರೆಯಿಟ್ಟನು. ಆಗ ಕೋಣೆಯು ಬೆಳಕಿನಿಂದ ತುಂಬಿದಂತೆಯೂ ತಾನು ಬಿಡುಗಡೆಯಾದಂತೆಯೂ ಅವನಿಗೆ ತೋರಿತು. ತನಗೆ ಬುದ್ಧಿ ಕೆಟ್ಟಿತೋ ಎಂದು ಅವನು ಭಯಪಟ್ಟಾಗ, ಡಾಕ್ಟರರು ಹಾಸ್ಯಮಾಡದೆ, ದೊರಕಿದ್ದನ್ನು ಬಿಗಿಯಾಗಿ ಹಿಡುಕೊಳ್ಳುವಂತೆ ಬುದ್ಧಿ ಹೇಳಿದರು. ಡಿಸೆಂಬರ್ 18ರಲ್ಲಿ ಮನೆಗೆ ಬಂದನು. ಅದು ಮೊದಲುಗೊಂಡು ಜೀವಮಾನವೆಲ್ಲಾ ಅವನು ಮದ್ಯವನ್ನು ಕುಡಿಯಲಿಲ್ಲ.

1935ರ ಮೇ ತಿಂಗಳಲ್ಲಿ ಆಕ್ರನ್ ಎಂಬ ಊರಿಗೆ ವ್ಯಾಪಾರದ ನಿಮಿತ್ತ ಹೋಗಿ ಸೋತು ಒಬ್ಬಂಟಿಗನಾಗಿದ್ದಾಗ, ಕುಡಿಯುವ ಆಶೆಯು ಪುನಃ ಹುಟ್ಟಿತು. ಆಗ ಅವನು ಹೋಟಲಿನ ಮದ್ಯದಂಗಡಿಗೆ ಹೋಗದೆ, ಸಭೆಯವರನ್ನು ವಿಚಾರಿಸಿ, ಮತ್ತೊಬ್ಬ ಕುಡುಕನನ್ನು ಹುಡುಕಿದನು. ಹೀಗೆ ರಾಬರ್ಟ್ ಸ್ಮಿತ್ ಎಂಬ ಡಾಕ್ಟರನ ಪರಿಚಯವಾಯಿತು. ಇವರಿಬ್ಬರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು ಹುಟ್ಟಿತು. ಈ ಹೊತ್ತು ಅದು ನಮ್ಮ ಬೆಂಗಳೂರಿನಲ್ಲಿಯೂ ಉಂಟು. ಅಲ್ಲಿ ಶುಲ್ಕವಿಲ್ಲ, ಹೆಸರನ್ನು ಪ್ರಕಟಿಸುವದಿಲ್ಲ. 1951ರಲ್ಲಿ ಲೋಯಿಸಳು ಬೇರೊಬ್ಬಳೊಂದಿಗೆ ಸೇರಿ ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಕೂಟವನ್ನು ಸ್ಥಾಪಿಸಿದಳು. ಯಾಕಂದರೆ ಗಾಯವು ಮನೆಯವರಿಗೂ ಆಗಿರುತ್ತದೆ.

ಈಗ ನಮ್ಮ ಮನೆಗಳ ಸಂಗತಿಗೆ ಬರೋಣ. ಚಿಕಿತ್ಸೆಗೆ ಹೊರಡುವವನು ಮೊದಲು ಡಾಕ್ಟರರಿಗೆ ಸತ್ಯವನ್ನು ತಿಳಿಸಬೇಕು; ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕಡೆಯದಾಗಿ ಯಾವಾಗ ಕುಡಿದನು, ಮುಂಚೆ ಫಿಟ್ಸು ಬಂದದ್ದುಂಟೋ, ಬೇರೆ ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಾನೆ ಎಂಬದನ್ನು ಮರೆಮಾಡಬಾರದು. ದಿನವೂ ಬಹಳ ಕುಡಿಯುವವನನ್ನು ಮನೆಯಲ್ಲಿ ಕೂಡಿಹಾಕಿ ಥಟ್ಟನೆ ಬಿಡಿಸುವದು ಅಪಾಯವು. ಕೆಲವು ಗಂಟೆಗಳಲ್ಲಿ ಕೈನಡುಕವೂ ಬೆವರೂ, ಎರಡು ದಿನಗಳೊಳಗೆ ಫಿಟ್ಸೂ, ಎರಡು ಮೂರು ದಿನಗಳಾದ ಮೇಲೆ ಇಲ್ಲದ್ದನ್ನು ಕಾಣುವ ಭ್ರಾಂತಿಯೂ ಬರಬಹುದು. ಇದರಿಂದ ಪ್ರಾಣಹಾನಿಯೂ ಉಂಟು. ಇದು ಭೂತಚೇಷ್ಟೆಯಲ್ಲ, ತಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು. ವಿಲ್ಸನನ ಕಾಲದ ಕಟುವಾದ ಔಷಧಗಳು ಹೋಗಿ, ಈಗ ಈ ದಿನಗಳನ್ನು ಕ್ಷೇಮವಾಗಿ ದಾಟಿಸುವ ಮಾತ್ರೆಗಳೂ ಬಿ1 ಜೀವಸತ್ವವೂ ಕೊಡಲ್ಪಡುತ್ತವೆ.

ಎರಡನೆಯದಾಗಿ, ಸ್ಥಳವನ್ನು ನೋಡಿ ಆರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಗೆಂದೇ ಒಂದು ಕೇಂದ್ರವುಂಟು. 14446 ಎಂಬ ಸರಕಾರದ ದೂರವಾಣಿಯಲ್ಲಿ ಖರ್ಚಿಲ್ಲದೆ ವಿಚಾರಿಸಬಹುದು. ಸರಪಣಿ ಬಿಗಿಯುವ ಸ್ಥಳವಾದರೆ ದೂರವಿರಿ. 2017ರ ಮಾನಸಿಕ ಆರೋಗ್ಯದ ಕಾಯಿದೆಯು ಅದನ್ನು ನಿಷೇಧಿಸಿದೆ. ಎಷ್ಟು ದಿನ ಇರಬೇಕು, ಎಷ್ಟು ಹಣ, ಮನೆಯವರೊಬ್ಬರು ಜೊತೆಯಲ್ಲಿರಬೇಕೋ, ಯಾವ ಕಾಗದಪತ್ರಗಳು ಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು.

ಮೂರನೆಯದಾಗಿ, ಮನೆಯ ಭಾರವನ್ನು ಹಂಚಬೇಕು. ಡೈರಿಗೆ ಹಾಲು ಹಾಕುವವರು ಯಾರು, ರಾಗಿ ಹೊಲವನ್ನು ನೋಡುವವರು ಯಾರು, ಸಂಘದ ಸಾಲದ ಕಂತನ್ನು ಕಟ್ಟುವವರು ಯಾರು? ಇದನ್ನು ಅಣ್ಣತಮ್ಮಂದಿರೂ ಸಭೆಯ ಹಿರಿಯರೂ ಕೂಡಿ ಗೊತ್ತುಮಾಡಲಿ. ಇಲ್ಲವಾದರೆ ಮೂರನೆಯ ದಿನವೇ ಹಸುವಿನ ನೆವ ಹೇಳಿ ರೋಗಿಯು ಹಿಂತಿರುಗುವನು. ಮಕ್ಕಳಿಗೆ ಸುಳ್ಳು ಹೇಳಬೇಡಿರಿ. ಅಪ್ಪನಿಗೆ ಕಾಯಿಲೆ, ಗುಣವಾಗುವದಕ್ಕೆ ಹೋಗಿದ್ದಾನೆಂದು ತಿಳಿಸಿರಿ. ಅವನು ಇಲ್ಲದಿರುವಾಗ ಮನೆಯಲ್ಲಿ ಅಡಗಿರುವ ಸೀಸೆಗಳನ್ನು ತೆಗೆದುಹಾಕಿರಿ. ಬಂದ ಮೇಲೆ ಡಾಕ್ಟರರನ್ನು ಯಾವಾಗ ಕಾಣಬೇಕು, ಯಾವ ಕೂಟಕ್ಕೆ ಹೋಗಬೇಕು, ಸಂತೆಯ ದಿನ ಯಾರು ಜೊತೆಯಲ್ಲಿ ನಡೆಯಬೇಕು ಎಂಬದನ್ನು ಹೋಗುವ ಮೊದಲೇ ನಿಶ್ಚಯಿಸಿರಿ.

ಒಂದು ಸಾರಿ ಹೋಗಿ ಬಂದು ಪುನಃ ಬಿದ್ದವನನ್ನು ತಳ್ಳಿಬಿಡಬೇಡಿರಿ. ವಿಲ್ಸನನ ತಂಗಿಯ ಗಂಡನು ಮೂರನೆಯ ಸಾರಿಗೇ ಕೈ ಬಿಗಿಹಿಡಿದಿದ್ದರೆ ನಾಲ್ಕನೆಯದು ಇರುತ್ತಿರಲಿಲ್ಲ. ಆ ಎಬ್ಬಿಯೂ ತರುವಾಯ ಅನೇಕ ಸಾರಿ ಕುಡಿತಕ್ಕೆ ಬಿದ್ದನು. ಆದರೂ ವಿಲ್ಸನನು ಕಡೇ ವರೆಗೂ ಅವನನ್ನು ಕೈಬಿಡದೆ, ತನಗೆ ದಾರಿ ತೋರಿಸಿದವನೆಂದು ಗೌರವಿಸಿದನು.

ವಿಲ್ಸನನು 1971ನೇ ಇಸವಿ ಜನವರಿ 24ರಲ್ಲಿ, ಮದುವೆಯಾಗಿ 53 ವರುಷ ತುಂಬಿದ ದಿನವೇ, ತೀರಿಹೋದನು. ಮದ್ಯವನ್ನು 36 ವರುಷಕ್ಕೆ ಮೇಲ್ಪಟ್ಟು ಬಿಟ್ಟಿದ್ದವನ ಶ್ವಾಸಕೋಶಗಳು ಹೊಗೆಸೊಪ್ಪಿನಿಂದ ಹಾಳಾಗಿದ್ದವು. ಆದಕಾರಣ ಬೀಡಿಯನ್ನು ಸಣ್ಣದೆಂದು ಎಣಿಸುವವರೂ ಈ ಚರಿತ್ರೆಯನ್ನು ಓದಲಿ. ತಪ್ಪಿಹೋದ ಮಗನು ಎದ್ದು ಹೊರಟಾಗ ಅವನ ಬಟ್ಟೆಯು ಕೊಳಕಾಗಿಯೇ ಇತ್ತು. ತಂದೆಯ ಮನೆಯಲ್ಲಿ ಬೇರೆ ಬಟ್ಟೆಯು ಸಿದ್ಧವಾಗಿತ್ತು. ಹೊರಡುವವನು ಹೊರಡಲಿ; ಮನೆಯವರಾದ ನಾವು ಸಿದ್ಧವಾಗಿರೋಣ.