ಎಲೆಯ ಬಣ್ಣದಿಂದ ಬಾವಿಯ ನೀರಿನವರೆಗೆ

ಮೆಕ್ಕೆಜೋಳದ ಹೊಲಕ್ಕೆ ಅಟ್ರಜಿನ್ ಸಿಂಪಡಿಸಿದಿರಿ, ಕಳೆ ಸತ್ತಿತು. ಔಷಧಿ ಎಲ್ಲಿ ಹೋಯಿತು? ಒಂದಷ್ಟು ಮಣ್ಣಿನಲ್ಲೇ ನಾಶವಾಗುತ್ತದೆ. ಉಳಿದದ್ದು ಮುಂದಿನ ಬೆಳೆಯನ್ನು ಕಾಡಬಹುದು, ನೀರಿನೊಡನೆ ಇಳಿದು ಬಾವಿಯನ್ನೂ ಸೇರಬಹುದು. ಕಣ್ಣಿಗೆ ಕಾಣದ ಈ ಉಳಿಕೆಯನ್ನು ಅಳೆಯುವ ದಾರಿ ತೋರಿಸಿದವನು ಅಟ್ರಜಿನ್ ಬರುವ ಸುಮಾರು 40 ವರ್ಷ ಮೊದಲೇ ತೀರಿಕೊಂಡ ರಷ್ಯದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆಟ್.

ಈತ ಹುಟ್ಟಿದ್ದು 1872ರಲ್ಲಿ, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯದವ, ತಾಯಿ ಇಟಲಿಯವಳು. ಹೆತ್ತ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡಳು. ಹುಡುಗ ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. 1896ರಲ್ಲಿ ಜಿನೀವಾದಲ್ಲಿ ಡಾಕ್ಟರೇಟ್ ಪಡೆದು ತಂದೆಯ ನಾಡಿಗೆ ಹೋದರೆ, ಅಲ್ಲಿ ಆ ಪದವಿಗೆ ಮಾನ್ಯತೆ ಇರಲಿಲ್ಲ. ಎದೆಗುಂದದೆ 1901ರಲ್ಲಿ ಕಜಾನ್ ವಿಶ್ವವಿದ್ಯಾನಿಲಯದಿಂದ ಇನ್ನೊಂದು ಪದವಿ ಪಡೆದ. ಬಳಿಕ, ಆಗ ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದಲ್ಲಿ ಕೆಲಸಕ್ಕೆ ಸೇರಿದ.

ಎಲೆಯ ಹಸಿರು ಒಂದೇ ಬಣ್ಣವೋ, ಹಲವು ಬಣ್ಣಗಳ ಬೆರಕೆಯೋ? ಇದು ಆತನ ಪ್ರಶ್ನೆ. ಗಾಜಿನ ಸಣ್ಣ ಕೊಳವೆಯಲ್ಲಿ ಸೀಮೆಸುಣ್ಣದ ನಯವಾದ ಪುಡಿಯನ್ನು ಒತ್ತಿ ತುಂಬಿದ. ದ್ರಾವಕದಲ್ಲಿ ಕರಗಿಸಿದ ಎಲೆಯ ಬಣ್ಣವನ್ನು ಮೇಲಿನಿಂದ ಸುರಿದು, ಹಿಂದೆಯೇ ಬರಿಯ ದ್ರಾವಕವನ್ನು ಹಾಯಿಸಿದ. ಪುಡಿಗೆ ಬಿಗಿಯಾಗಿ ಅಂಟುವ ಬಣ್ಣ ಮೇಲೆಯೇ ನಿಂತಿತು, ಸಡಿಲವಾಗಿ ಅಂಟುವುದು ಕೆಳಕ್ಕೆ ಜಾರಿತು. ಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ಮೂಡಿದವು. ನಿಮ್ಮ ಹೊಲದಲ್ಲೂ ರಂಜಕ ಮಣ್ಣಿಗೆ ಅಂಟಿ ನಿಲ್ಲುತ್ತದೆ, ನೈಟ್ರೇಟ್ ಬಸಿದು ಹೋಗುತ್ತದೆ. ಇದೂ ಹಾಗೆಯೇ.

1903ರಲ್ಲಿ ವಾರ್ಸಾದ ಸಭೆಯೊಂದರಲ್ಲಿ ಈ ಕೆಲಸವನ್ನು ವಿವರಿಸಿದ. 1906ರಲ್ಲಿ ಅದಕ್ಕೆ ಕ್ರೊಮಟಾಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟ. ತ್ಸ್ವೆಟ್ ಎಂದರೂ ರಷ್ಯನ್ ಭಾಷೆಯಲ್ಲಿ ಬಣ್ಣವೇ!

ಮನ್ನಣೆ ಮಾತ್ರ ಸಿಗಲಿಲ್ಲ. ಪತ್ರಹರಿತ್ತಿನ ಸಂಶೋಧನೆಗಾಗಿ 1915ರಲ್ಲಿ ನೊಬೆಲ್ ಪಡೆದ ಜರ್ಮನಿಯ ವಿಲ್‌ಸ್ಟೆಟರ್ ಈ ವಿಧಾನವನ್ನು ನಂಬಲಿಲ್ಲ. ಮಹಾಯುದ್ಧದಲ್ಲಿ ವಾರ್ಸಾ ಬಿಡಬೇಕಾಯಿತು. ಊರಿಂದೂರಿಗೆ ಅಲೆದ ತ್ಸ್ವೆಟ್ 1919ರ ಜೂನಿನಲ್ಲಿ ವರೋನೆಷ್ ನಗರದಲ್ಲಿ ತೀರಿಕೊಂಡ. ವಯಸ್ಸು 47. ಹನ್ನೆರಡು ವರ್ಷಗಳ ನಂತರ, 1931ರಲ್ಲಿ, ಹೈಡೆಲ್‌ಬರ್ಗಿನ ವಿಜ್ಞಾನಿಗಳು ಗಜ್ಜರಿಯಲ್ಲಿರುವ ಕ್ಯಾರೊಟೀನನ್ನು ಇದೇ ವಿಧಾನದಿಂದ ಬೇರ್ಪಡಿಸಿದಾಗ ಲೋಕಕ್ಕೆ ಅದರ ಬೆಲೆ ತಿಳಿಯಿತು. ಇದನ್ನು ಮುಂದೆ ಬೆಳೆಸಿದ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ 1952ರಲ್ಲಿ ನೊಬೆಲ್ ಪಡೆದರು.

ಇಂದು ಪ್ರಯೋಗಾಲಯದಲ್ಲಿ ನಿಮ್ಮ ಮಣ್ಣನ್ನು ದ್ರಾವಕದಲ್ಲಿ ಕುಲುಕಿ, ಸೋಸಿ, ಅಂಥದೇ ಕೊಳವೆಯ ಮೂಲಕ ಹಾಯಿಸುತ್ತಾರೆ. ಒಂದೊಂದು ವಸ್ತುವೂ ತನ್ನ ಹೊತ್ತಿಗೆ ಹೊರಬರುತ್ತದೆ. ಪ್ರಮಾಣ ಗೊತ್ತಿರುವ ಮಾದರಿಯೊಡನೆ ಹೋಲಿಸಿ ಅದೆಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ಯೂರೋಪಿನಲ್ಲಿ 1980ರಲ್ಲಿ ಕುಡಿಯುವ ನೀರಿಗೆ ಗೊತ್ತುಮಾಡಿದ ಮಿತಿ, ಒಂದು ಕೀಟನಾಶಕ ಅಥವಾ ಕಳೆನಾಶಕಕ್ಕೆ ಲೀಟರಿಗೆ 0.1 ಮೈಕ್ರೊಗ್ರಾಂ. ಎಂದರೆ 1 ಕೋಟಿ ಲೀಟರ್ ನೀರಿನಲ್ಲಿ 1 ಗ್ರಾಂ! ಇಷ್ಟು ಸಣ್ಣ ಅಳತೆ ಸಾಧ್ಯವಾದುದರಿಂದಲೇ ಅಂತರ್ಜಲದಲ್ಲಿ ಮಿತಿ ಮೀರಿದ ಅಟ್ರಜಿನ್ ಪತ್ತೆಯಾಯಿತು. 2004ರಲ್ಲಿ ಐರೋಪ್ಯ ಒಕ್ಕೂಟ ಅದಕ್ಕೆ ಅನುಮತಿ ನಿರಾಕರಿಸಿತು.

ನಿಮ್ಮ ಹೊಲದ ಬಗ್ಗೆ ಅನುಮಾನವಿದ್ದರೆ, ಮುಂದೆ ಬಿತ್ತಬೇಕಾದ ಬೆಳೆಯ ಬೀಜವನ್ನು ಒಂದು ಕುಂಡದಲ್ಲಿ ಆ ಹೊಲದ ಮಣ್ಣಿಗೂ, ಇನ್ನೊಂದರಲ್ಲಿ ಕಳೆನಾಶಕ ಕಾಣದ ಮಣ್ಣಿಗೂ ಹಾಕಿ ಮೂರು ವಾರ ನೋಡಿ. ಹೊಲದ ಮಣ್ಣಿನ ಸಸಿ ಮಾತ್ರ ಹಳದಿಯಾಗಿ ಒಣಗಿದರೆ ಎಚ್ಚರಗೊಳ್ಳಿ. ಉಳಿಕೆ ಎಷ್ಟಿದೆ ಎಂದು ತಿಳಿಯಲು ಮಾತ್ರ ಪ್ರಯೋಗಾಲಯಕ್ಕೇ ಹೋಗಬೇಕು. ನೀರನ್ನು ಶುಭ್ರವಾದ ಗಾಜಿನ ಸೀಸೆಯಲ್ಲಿ ಒಯ್ಯಿರಿ; ಔಷಧಿಯ ಹಳೆಯ ಡಬ್ಬಿ ಬೇಡವೇ ಬೇಡ.