ತಾಮ್ರದ ಗುಟ್ಟು ತಿಳಿಯುವ ಮೊದಲೇ ತೀರಿಹೋದ ವೈದ್ಯ: ಕಿನಿಯರ್ ವಿಲ್ಸನ್ ಬದುಕು ಮತ್ತು ‘ಲಿವರ್ ಕ್ಲೀನ್’ ಫಾರ್ವರ್ಡ್

ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಡಿ, ಬೆಳಿಗ್ಗೆ ನಿಂಬೆರಸ, ಅರಿಶಿನ ಹಾಕಿ ಕುಡಿಯಿರಿ, ಲಿವರ್‌ನಲ್ಲಿ ಕೂತ ಲೋಹವೆಲ್ಲ ತೊಳೆದುಹೋಗುತ್ತದೆ. ಈ ಅರ್ಥದ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಹೊಸಪೇಟೆಯ ನಮ್ಮ ಮನೆಯವರ ಗ್ರೂಪಿಗೆ ಅದು ಎರಡು ಬಾರಿ ಬಂತು. ಒಮ್ಮೆ ಸಂಡೂರಿನ ಮಾವ ಕಳಿಸಿದರು, ಇನ್ನೊಮ್ಮೆ ಕಂಪ್ಲಿಯ ಚಿಕ್ಕಮ್ಮ. ಸುತ್ತಲೂ ಗಣಿ ಇರುವ ಊರಿನವರಿಗೆ ಲೋಹ ಎಂದರೆ ಭಯವಾಗುವುದು ಸಹಜ. ಆದರೆ ಗಣಿಯ ಧೂಳು ಮೊದಲು ಕಾಡುವುದು ಶ್ವಾಸಕೋಶವನ್ನು. ಲಿವರ್ ಕೆಡಿಸುವ ಲೋಹಗಳ ಪೈಕಿ ವೈದ್ಯರು ಚೆನ್ನಾಗಿ ಅರಿತಿರುವ ಒಂದು ಲೋಹ ಯಾವುದು ಗೊತ್ತೇ? ಫಾರ್ವರ್ಡ್ ಹೊಗಳುವ ಅದೇ ತಾಮ್ರ.

ತಾಮ್ರ ಲಿವರ್‌ನಲ್ಲಿ ತುಂಬಿಕೊಳ್ಳುವ ಒಂದು ಕಾಯಿಲೆಗೆ ‘ವಿಲ್ಸನ್ ರೋಗ’ ಎಂದು ಹೆಸರು. ಆ ಹೆಸರಿನ ಹಿಂದಿರುವ ವ್ಯಕ್ತಿಯ ಕಥೆ ತಿಳಿದರೆ, ಲಿವರ್ ಉಳಿಸುವುದು ಯಾವುದು, ಉಳಿಸದ್ದು ಯಾವುದು ಎಂಬುದೂ ತಿಳಿಯುತ್ತದೆ.

ತಂದೆಯನ್ನು ಕಳೆದುಕೊಂಡ ಹುಡುಗ

ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನಿಯರ್ ವಿಲ್ಸನ್ ಹುಟ್ಟಿದ್ದು 1878ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಸೀಡರ್‌ವಿಲ್ ಎಂಬ ಊರಲ್ಲಿ. ತಂದೆ ಐರ್ಲೆಂಡ್ ಮೂಲದ ಪಾದ್ರಿ. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಸ್ಕಾಟ್ಲೆಂಡಿನ ಎಡಿನ್‌ಬರೋ ಸೇರಿದರು. ವಿಲ್ಸನ್ ಅಲ್ಲೇ ಓದಿ 1902ರಲ್ಲಿ ವೈದ್ಯರಾದರು. ಆಮೇಲೆ ಪ್ಯಾರಿಸ್‌ಗೆ ಹೋಗಿ ಪಿಯೆರ್ ಮರಿ, ಬಬಿನ್‌ಸ್ಕಿ ಎಂಬ ದೊಡ್ಡ ನರತಜ್ಞರ ಬಳಿ ಕಲಿತರು. 1904ರಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿರುವ ನರರೋಗ ಆಸ್ಪತ್ರೆಗೆ ಸೇರಿದರು.

ಅಲ್ಲಿಗೆ ಬರುತ್ತಿದ್ದ ಕೆಲವು ಯುವ ರೋಗಿಗಳು ಅವರ ಗಮನ ಸೆಳೆದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ನುಂಗಲು ಕಷ್ಟ, ಮೈ ಬಿಗಿ. ತಿಂಗಳಿಂದ ತಿಂಗಳಿಗೆ ಅದು ಹೆಚ್ಚುತ್ತಲೇ ಹೋಗುತ್ತಿತ್ತು. ಒಂದೇ ಮನೆಯ ಅಣ್ಣ ತಂಗಿಯರಿಗೂ ಅದೇ ಗತಿ. ತೀರಿಕೊಂಡವರ ಮರಣೋತ್ತರ ಪರೀಕ್ಷೆ ಮಾಡಿದಾಗ ಮಿದುಳಿನ ಒಳಭಾಗದ ಎರಡೂ ಬದಿ ಹಾಳಾಗಿತ್ತು. ಅಚ್ಚರಿಯ ಸಂಗತಿ ಬೇರೆಯೇ ಇತ್ತು. ಬದುಕಿದ್ದಾಗ ಲಿವರ್ ತೊಂದರೆಯ ಸುಳಿವೇ ಇರದಿದ್ದರೂ ಅವರ ಲಿವರ್ ಗಟ್ಟಿಯಾಗಿ, ಗಂಟುಗಂಟಾಗಿತ್ತು. ಇದನ್ನೇ ಸಿರೋಸಿಸ್ ಎನ್ನುತ್ತಾರೆ.

ವಿಲ್ಸನ್ ತಾವು ನೋಡಿದ ರೋಗಿಗಳ ಜೊತೆಗೆ ಆಸ್ಪತ್ರೆಯ ಹಳೆಯ ದಾಖಲೆ, ಬೇರೆಯವರು ಪ್ರಕಟಿಸಿದ್ದ ವರದಿಗಳನ್ನೂ ಹುಡುಕಿ ತೆಗೆದು, ಎಲ್ಲವೂ ಒಂದೇ ಕಾಯಿಲೆ ಎಂದು ತೋರಿಸಿದರು. 1911ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಆ ಪ್ರಬಂಧಕ್ಕೆ ಚಿನ್ನದ ಪದಕ ಕೊಟ್ಟಿತು. 1912ರಲ್ಲಿ ‘ಬ್ರೈನ್’ ಪತ್ರಿಕೆ ಅದನ್ನು 200ಕ್ಕೂ ಹೆಚ್ಚು ಪುಟಗಳಲ್ಲಿ ಅಚ್ಚು ಹಾಕಿತು. ಆಗ ಅವರಿಗೆ 33 ವರ್ಷ.

ಲಿವರ್‌ನಿಂದ ಯಾವುದೋ ವಿಷ ಹೊರಟು ಮಿದುಳನ್ನು ಹಾಳು ಮಾಡುತ್ತಿದೆ ಎಂದು ವಿಲ್ಸನ್ ಊಹಿಸಿದರು. ದಿಕ್ಕು ಸರಿಯಿತ್ತು. ಆದರೆ ಆ ವಿಷ ಯಾವುದು ಎಂದು ಅವರಿಗೆ ಗೊತ್ತಾಗಲಿಲ್ಲ. ಕಾಯಿಲೆ ಒಂದೇ ಮನೆಯಲ್ಲಿ ಕಾಣಿಸಿದರೂ ಅದು ವಂಶವಾಹಿ ಎಂದು ಅವರು ಒಪ್ಪಿರಲಿಲ್ಲ. ಅಲ್ಲಿ ಅವರು ಎಡವಿದರು.

ಮುಂದೆ ಅವರು ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. 1920ರಲ್ಲಿ ನರವಿಜ್ಞಾನದ ಪತ್ರಿಕೆಯೊಂದನ್ನು ಶುರು ಮಾಡಿದರು. ರೋಗಿಗಳ ಚಲನೆಯನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದರು. 1937ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 58 ವರ್ಷ. ಅವರ ದೊಡ್ಡ ಪಠ್ಯಪುಸ್ತಕ ಅಚ್ಚಾಗಿದ್ದು ಸತ್ತ ಮೂರು ವರ್ಷಕ್ಕೆ. ತಮ್ಮ ಹೆಸರಿನ ರೋಗಕ್ಕೆ ಒಂದು ಮದ್ದನ್ನೂ ಅವರು ನೋಡಲಿಲ್ಲ.

ತಾಮ್ರ ಸಿಕ್ಕಿಬಿದ್ದಿದ್ದು ಹೇಗೆ?

1913ರಲ್ಲೇ ಒಬ್ಬ ರೋಗಿಯ ಲಿವರ್‌ನಲ್ಲಿ ಹೆಚ್ಚು ತಾಮ್ರ ಸಿಕ್ಕಿತ್ತು. ಯಾರೂ ಅದನ್ನು ಬೆನ್ನು ಹತ್ತಲಿಲ್ಲ. 1948ರಲ್ಲಿ ಲಂಡನ್ನಿನ ಜಾನ್ ಕಮಿಂಗ್ಸ್ ಈ ರೋಗಿಗಳ ಲಿವರ್ ಮತ್ತು ಮಿದುಳು ಎರಡರಲ್ಲೂ ತಾಮ್ರ ತುಂಬಿರುವುದನ್ನು ತೋರಿಸಿಕೊಟ್ಟರು.

ತಾಮ್ರ ಶತ್ರುವೇನಲ್ಲ. ನಮಗೆಲ್ಲ ದಿನಕ್ಕೆ ಚೂರು ತಾಮ್ರ ಬೇಕೇ ಬೇಕು, ಅದು ಊಟದಲ್ಲೇ ಸಿಗುತ್ತದೆ. ಹೆಚ್ಚಾದದ್ದನ್ನು ಲಿವರ್ ಪಿತ್ತರಸದ ಮೂಲಕ ಹೊರಗೆ ಹಾಕುತ್ತದೆ. ವಿಲ್ಸನ್ ರೋಗದಲ್ಲಿ ಈ ಕೆಲಸ ಮಾಡುವ ಜೀನ್ ಕೆಟ್ಟಿರುತ್ತದೆ. 1993ರಲ್ಲಿ ಪತ್ತೆಯಾದ ಆ ಜೀನ್‌ನ ಹೆಸರು ಎಟಿಪಿ7ಬಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ.

1956ರಲ್ಲಿ ಜಾನ್ ವಾಲ್ಶ್ ಎಂಬ ಇಂಗ್ಲಿಷ್ ವೈದ್ಯರು ಪೆನಿಸಿಲಮೈನ್ ಎಂಬ ಮದ್ದನ್ನು ಪ್ರಕಟಿಸಿದರು. ಪೆನಿಸಿಲಿನ್ ಪಡೆಯುತ್ತಿದ್ದ ರೋಗಿಗಳ ಮೂತ್ರದಲ್ಲಿ ಅವರಿಗೆ ಮೊದಲು ಕಂಡ ವಸ್ತು ಅದು. ಅದು ತಾಮ್ರವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಕೊಂಡೊಯ್ಯುತ್ತದೆ. ಆಮೇಲೆ ಟ್ರೈಎಂಟೀನ್ ಬಂತು. ಕರುಳಿನಲ್ಲೇ ತಾಮ್ರವನ್ನು ತಡೆಯುವ ಸತುವಿನ ಮಾತ್ರೆ ಬಂತು. ವಿಲ್ಸನ್ ಕಾಲದಲ್ಲಿ ಸಾವೇ ಗತಿಯಾಗಿದ್ದ ಕಾಯಿಲೆಯವರು ಇಂದು ಬೇಗ ಪತ್ತೆಯಾದರೆ ಮದ್ದು ತೆಗೆದುಕೊಳ್ಳುತ್ತಾ ಓದಿ, ದುಡಿದು, ಸಂಸಾರ ಮಾಡುತ್ತಾರೆ. ಮದ್ದು ಜೀವನಪೂರ್ತಿ ಬೇಕು. ನಡುವೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಆ್ಯಂಟಿ ಆಕ್ಸಿಡೆಂಟ್ ಕೆಲಸ ಮಾಡುವುದೇ ಇಲ್ಲವೇ?

ಫಾರ್ವರ್ಡ್‌ನಲ್ಲಿ ಅರ್ಧ ಸತ್ಯ ಇದೆ. ಸಂಡೂರಿನ ಮಣ್ಣು ಕೆಂಪಾಗಿರುವುದು ಕಬ್ಬಿಣ ಆಮ್ಲಜನಕದ ಜೊತೆ ಸೇರಿರುವುದರಿಂದ. ಲಿವರ್ ಜೀವಕೋಶದಲ್ಲಿ ತಾಮ್ರವೋ ಕಬ್ಬಿಣವೋ ಹೆಚ್ಚಾದಾಗಲೂ ಒಂದು ಬಗೆಯ ತುಕ್ಕು ಹಿಡಿಯುತ್ತದೆ ಎನ್ನಬಹುದು. ಲೋಹ ‘ಫ್ರೀ ರ‍್ಯಾಡಿಕಲ್’ ಎಂಬ ಚುರುಕು ಕಣಗಳನ್ನು ಹುಟ್ಟಿಸುತ್ತದೆ. ಅವು ಜೀವಕೋಶದ ಕೊಬ್ಬಿನ ಪೊರೆಯನ್ನು ಕೆಡಿಸುತ್ತವೆ. ಆ್ಯಂಟಿ ಆಕ್ಸಿಡೆಂಟ್‌ಗಳು ಈ ಕಣಗಳನ್ನು ತಣ್ಣಗಾಗಿಸುತ್ತವೆ. ಲಿವರ್ ತಾನೇ ಗ್ಲುಟಾಥಯೋನ್ ಎಂಬ ಆ್ಯಂಟಿ ಆಕ್ಸಿಡೆಂಟ್ ತಯಾರಿಸಿಕೊಳ್ಳುತ್ತದೆ. ಇಲಿಗಳಿಗೆ ಲೋಹ ಕೊಟ್ಟು, ಜೊತೆಗೆ ವಿಟಮಿನ್ ಇ, ವಿಟಮಿನ್ ಸಿ ಅಥವಾ ಗಿಡಮೂಲಿಕೆಯ ಸಾರ ಕೊಟ್ಟ ಎಷ್ಟೋ ಪ್ರಯೋಗಗಳಲ್ಲಿ ಲಿವರ್‌ಗೆ ಆದ ಹಾನಿ ಕಡಿಮೆಯಾಗಿದೆ.

ಆದರೆ ಅಲ್ಲಿ ಇಲಿಗೆ ವಿಷ ಮತ್ತು ರಕ್ಷಣೆ ಹೆಚ್ಚುಕಡಿಮೆ ಒಟ್ಟಿಗೇ ಸಿಗುತ್ತವೆ. ಮನುಷ್ಯರಲ್ಲಿ ಲೋಹ ವರ್ಷಗಟ್ಟಲೆ ತುಂಬಿದ ಮೇಲೆ ಕಾಯಿಲೆ ಗೊತ್ತಾಗುತ್ತದೆ. 2024ರ ಆಗಸ್ಟ್‌ನಲ್ಲಿ ನಮ್ಮ ಟಿಬಿ ಡ್ಯಾಂನ 19ನೇ ಗೇಟ್ ಕೊಚ್ಚಿಹೋದದ್ದು ನೆನಪಿದೆಯಲ್ಲ? ಕೆಳಗಿನ ಊರುಗಳಲ್ಲಿ ಎಚ್ಚರಿಕೆ ಕೊಡುವುದು ಬೇಕಿತ್ತು. ಆದರೆ ನೀರು ನಿಂತಿದ್ದು ಸ್ಟಾಪ್ ಲಾಗ್ ಇಳಿಸಿದ ಮೇಲೆ. ಲಿವರ್‌ನಲ್ಲೂ ಹಾಗೆಯೇ. ಲೋಹವನ್ನು ತೆಗೆಯುವ, ತಡೆಯುವ ಮದ್ದೇ ಗೇಟ್. ಆ್ಯಂಟಿ ಆಕ್ಸಿಡೆಂಟ್ ಹೆಚ್ಚೆಂದರೆ ಜೊತೆಗಾರ.

ಕೆಲವೊಮ್ಮೆ ಅದೇ ತಿರುಗುಬಾಣವೂ ಆಗುತ್ತದೆ. ವಿಟಮಿನ್ ಸಿ ಊಟದ ಕಬ್ಬಿಣವನ್ನು ಮೈಗೆ ಹೆಚ್ಚು ಹತ್ತಿಸುತ್ತದೆ. ಹಾಗಾಗಿ ದೇಹದಲ್ಲಿ ಕಬ್ಬಿಣ ತುಂಬಿಕೊಳ್ಳುವ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಅದರ ಮಾತ್ರೆ ನುಂಗಬಾರದು. ಅಡುಗೆಯ ಅರಿಶಿನ ಬೇರೆ, ಕಾಳುಮೆಣಸಿನ ಸಾರ ಸೇರಿಸಿದ ಗಟ್ಟಿ ಡೋಸಿನ ಅರಿಶಿನ ಕ್ಯಾಪ್ಸೂಲ್ ಬೇರೆ. ಇಂಥ ಕ್ಯಾಪ್ಸೂಲ್‌ಗಳಿಂದಲೇ ಲಿವರ್ ಕೆಟ್ಟ ಪ್ರಕರಣಗಳನ್ನು ಅಮೆರಿಕದ ವೈದ್ಯರು ದಾಖಲಿಸಿದ್ದಾರೆ.

ಹಾಗಾದರೆ ತಾಮ್ರದ ಚೊಂಬು?

ಆರೋಗ್ಯವಂತರು ಅದರಲ್ಲಿಟ್ಟ ಬರೀ ನೀರು ಕುಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಲಿವರ್ ಕ್ಲೀನ್ ಆಗುವುದೂ ಇಲ್ಲ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಿಂಬೆರಸ, ಮಜ್ಜಿಗೆ, ಹುಣಸೆಹುಳಿ ಮಾತ್ರ ತಾಮ್ರದ ಪಾತ್ರೆಗೆ ಹಾಕಬೇಡಿ. ಹುಳಿಗೆ ತಾಮ್ರ ಕರಗುತ್ತದೆ. ವಿಲ್ಸನ್ ರೋಗಿಗಳಿಗೆ ತಾಮ್ರದ ಪಾತ್ರೆಯೇ ಬೇಡ.

ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಸುಮ್ಮನೆ ಅಲ್ಲ. ಹಿತ್ತಾಳೆಯಲ್ಲೂ ತಾಮ್ರವಿದೆ. ಭಾರತದ ಪುಟ್ಟ ಮಕ್ಕಳನ್ನು ಕೊಲ್ಲುತ್ತಿದ್ದ ಒಂದು ಬಗೆಯ ಲಿವರ್ ಸಿರೋಸಿಸ್‌ಗೂ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೂ ನಂಟಿದೆ ಎಂದು 1980ರ ದಶಕದಲ್ಲಿ ಪುಣೆಯ ಮತ್ತು ಇಂಗ್ಲೆಂಡಿನ ವೈದ್ಯರು ತೋರಿಸಿದರು. ಪಾತ್ರೆ ಬದಲಾದಂತೆ ಆ ಕಾಯಿಲೆಯೂ ಅಪರೂಪವಾಯಿತು. ಅಲ್ಲೂ ಮಕ್ಕಳನ್ನು ಕಾಪಾಡಿದ್ದು ತಾಮ್ರ ಒಳಗೆ ಹೋಗದಂತೆ ತಡೆದದ್ದು.

ಇದು ನಮ್ಮ ಮನೆಯ ವಿಷಯ ಯಾಕೆ?

ವಿಲ್ಸನ್ ರೋಗ ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುತ್ತದೆ ಎಂಬ ಅಂದಾಜಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮಕ್ಕಳಲ್ಲಿ, ಹರೆಯದವರಲ್ಲಿ ಇವು ಕಂಡರೆ ಗಾಳಿ ಸೋಕಿದೆ ಎಂದು ಕೂರಬೇಡಿ, ಆಸ್ಪತ್ರೆಗೆ ಹೋಗಿ:

- ಮತ್ತೆ ಮತ್ತೆ ಕಾಮಾಲೆ, ಹೊಟ್ಟೆ ಊತ
- ಕೈ ನಡುಕ, ಇದ್ದಕ್ಕಿದ್ದಂತೆ ಕೆಡುವ ಅಕ್ಷರ
- ತೊದಲು ಮಾತು, ಜೊಲ್ಲು ಸುರಿಯುವುದು
- ಓದಿನಲ್ಲಿ ಹಿಂದೆ ಬೀಳುವುದು, ಸ್ವಭಾವ ಬದಲಾಗುವುದು

ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಕಪ್ಪಿನ ಅಂಚಿನಲ್ಲಿ ಕಂದು ಉಂಗುರ, ಇವುಗಳ ಪರೀಕ್ಷೆಯಿಂದ ಹೆಚ್ಚಿನವರಲ್ಲಿ ಕಾಯಿಲೆಯ ಸುಳಿವು ಸಿಗುತ್ತದೆ. ಒಬ್ಬ ಮಗುವಿಗೆ ಕಾಯಿಲೆ ಇದೆ ಎಂದು ಗೊತ್ತಾದರೆ, ಆಟವಾಡಿಕೊಂಡು ಚೆನ್ನಾಗಿಯೇ ಇರುವ ಅದರ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಪರೀಕ್ಷೆ ಮಾಡಿಸಲೇಬೇಕು. ಲಕ್ಷಣ ಶುರುವಾಗುವ ಮೊದಲೇ ಮದ್ದು ಸಿಕ್ಕರೆ ಅವರ ಲಿವರ್ ಮತ್ತು ಮಿದುಳು ಎರಡೂ ಉಳಿಯುತ್ತವೆ.

ನೆಲ್ಲಿಕಾಯಿ ತಿನ್ನಿ, ಸೊಪ್ಪು ತಿನ್ನಿ, ಅಡುಗೆಗೆ ಅರಿಶಿನ ಹಾಕಿ. ಅವು ಒಳ್ಳೆಯ ಆಹಾರ, ಆದರೆ ಲೋಹ ತೆಗೆಯುವ ಮದ್ದಲ್ಲ. ಮಾವ, ಚಿಕ್ಕಮ್ಮ ಇಬ್ಬರಿಗೂ ನಾನು ಇಷ್ಟನ್ನೇ ಬರೆದು ಕಳಿಸಿದೆ. ನೀವೂ ಹಂಚುವುದಾದರೆ, ಕಾಮಾಲೆ ಬಿಟ್ಟು ಬಿಟ್ಟು ಬರುತ್ತಿರುವ ಮಗು ಇರುವ ಮನೆಗೆ ಮೊದಲು ಕಳಿಸಿ.